ರಂಗಕ್ಕೆ ಬಾರದ ಕಲೆಕ್ಟರ್ ಸಾಹೇಬರು

ನಾವಿದ್ದ ಮನ್ರೋ ಎಂಬ ಊರಿನಿಂದ ನ್ಯೂಯಾರ್ಕಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅವರು ನನಗೆ ಪರಿಚಯವಾದರು. ಎಪ್ಪತ್ತು ದಾಟಿದ ಬ್ರಿಟಿಷ್ ನಟ. ಆಗಾಗ ಆಡಿಷನ್ನಿಗೆಂದು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೊರಡುತ್ತಿದ್ದರು. ನಾನು ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಕೂತು, ಕಾಗದ ಹಿಡಿದು ತುಟಿ ಅಲ್ಲಾಡಿಸುತ್ತಿದ್ದರು. ಪ್ರಾರ್ಥನೆಯೇ ಎಂದು ಕೇಳಿದೆ.

"ಅಲ್ಲ, ಜಡ್ಜ್ ಪಾತ್ರ. ಇರೋದು ಎರಡೇ ಮಾತು, ಎರಡೂ ಮರೆತುಹೋಗ್ತಿವೆ" ಎಂದು ನಕ್ಕರು. ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಆಮೇಲೆ ಸುಮಾರು ಒಂದು ವರ್ಷ, ಟರ್ನ್‌ಪೈಕ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಬಸ್ಸು ತೆವಳುವಾಗಲೆಲ್ಲ, ಅವರ ಬದುಕನ್ನು ಕಂತುಕಂತಾಗಿ ಕೇಳಿದೆ. ಉತ್ತರ ಇಂಗ್ಲೆಂಡಿನ ಬಟ್ಟೆ ಗಿರಣಿಯ ಊರು. ಹದಿನೇಳಕ್ಕೆ ನಾಟಕ ಕಂಪನಿ ಸೇರಿದರು. ಅಲ್ಲಿ ವಾರಕ್ಕೊಂದು ಹೊಸ ನಾಟಕ. ಇಪ್ಪತ್ತರ ವಯಸ್ಸಿನಲ್ಲೇ ಕೂದಲಿಗೆ ಬಿಳಿ ಪೌಡರ್ ಹಚ್ಚಿಕೊಂಡು ಮುದುಕರ ಪಾತ್ರ ಮಾಡುತ್ತಿದ್ದರಂತೆ. "ನನ್ನ ಮುಖ ನೋಡಿ ಯಾವ ಹುಡುಗಿಯೂ ಅಳೋದಿಲ್ಲ ಅಂತ ಮ್ಯಾನೇಜರಿಗೆ ಮೊದಲ ದಿನವೇ ಗೊತ್ತಾಗಿತ್ತು" ಎನ್ನುತ್ತಿದ್ದರು. ಹಾಗಾಗಿ ಜೀವಮಾನವಿಡೀ ಪೋಷಕ ನಟ. ಬಾಗಿಲು ತೆರೆಯುವ ಬಟ್ಲರ್, ಟೋಪಿ ಕೈಯಲ್ಲಿ ಹಿಡಿದು ಸಾವಿನ ಸುದ್ದಿ ಹೇಳುವ ಪೊಲೀಸ್, ಪಾದ್ರಿ, ಡಾಕ್ಟರು. ಒಂದು ನಾಟಕದ ಜೊತೆ ನ್ಯೂಯಾರ್ಕಿಗೆ ಬಂದರು. ನಾಟಕ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಆದರೆ ಅಷ್ಟರಲ್ಲಿ ಆ ಥಿಯೇಟರಿನಲ್ಲಿ ನಟರ ಉಡುಪು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಪ್ರೀತಿಸಿದ್ದರು. ಮದುವೆಯಾಗಿ ಇಲ್ಲೇ ಉಳಿದರು. ಮನ್ರೋದ ಹಿರಿಯರ ಕಾಲೊನಿಗೆ ಬಂದ ಎರಡನೇ ವರ್ಷ ಆಕೆ ತೀರಿಕೊಂಡರು.

ನಮ್ಮ ಪರಿಚಯವಾದ ಮರುಬೇಸಿಗೆಯಲ್ಲಿ ನಾನು ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆಂದು ಒಂದು ಸಣ್ಣ ನಾಟಕ ಬರೆದೆ. ಬ್ರಿಟಿಷರ ಕಾಲದ ಒಂದು ಊರು, ಒಬ್ಬಳು ಶಾಲೆಯ ಟೀಚರು, ಒಬ್ಬ ಕಲೆಕ್ಟರು. ಕಲೆಕ್ಟರ್ ಪಾತ್ರಕ್ಕೆ ಮುಖಕ್ಕೆ ಬಣ್ಣ ಬಳಿದುಕೊಂಡು ನಮ್ಮವರೇ ಯಾರಾದರೂ ನಿಲ್ಲಬೇಕಿತ್ತು. ಬಸ್ಸಿನಲ್ಲಿ ತಮಾಷೆಗೆ ಅಂದೆ: "ನೀವೇ ಯಾಕೆ ಮಾಡಬಾರದು?"

ಅವರು ತಮಾಷೆ ಎಂದುಕೊಳ್ಳಲಿಲ್ಲ. "ಎಷ್ಟು ಮಾತಿದೆ?"

"ಕಡೇ ದೃಶ್ಯ ಪೂರ್ತಿ ನಿಮ್ಮದೇ."

"ನಾಟಕದ ಕಡೇ ಮಾತು ನನಗೆ ಯಾರೂ ಕೊಟ್ಟಿಲ್ಲ" ಅಂದರು.

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ರಿಹರ್ಸಲ್. ಕನ್ನಡದ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು, ಮೇಲೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬರುತ್ತಿದ್ದರು. ಆಗ ಧಾರವಾಡದಿಂದ ನಮ್ಮತ್ತೆ ಬಂದಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಇವರಿಗೆ ಕನ್ನಡ ಬಾರದು. ಆದರೂ ಉಚ್ಚಾರ ಕಲಿಸಿದ್ದು ಅತ್ತೆಯೇ.

"ಸಾಹೇಬ್ರ, ನಾಲಿಗಿ ಹಿಂದಕ್ಕ ಮಡಚ್ರಿ. ಹೇಳ್ರಿ, ಮಳಿ."

"ಮಲಿ."

"ಮಲಿ ಅಲ್ಲರಿ, ಮಳಿ!" ಎಂದು ತಮ್ಮ ಬಾಯಿ ತೆರೆದು ನಾಲಿಗೆ ತೋರಿಸುತ್ತಿದ್ದರು. ಎಪ್ಪತ್ತು ದಾಟಿದ ಇಬ್ಬರೂ ಎದುರುಬದುರು ಬಾಯಿ ತೆರೆದು ಕೂತಿರುವುದನ್ನು ನೋಡಿ ನನ್ನ ಮಗಳು "ಓ ಮೈ ಗಾಡ್" ಎಂದು ಮೇಲಕ್ಕೆ ಓಡಿಹೋಗಿದ್ದಳು.

ಕಲೆಕ್ಟರನ ಕಡೇ ಮಾತು ಹೀಗಿತ್ತು: "ನಿಮ್ಮೂರಿನ ನೀರು ಕುಡಿದು ಹನ್ನೆರಡು ಮಳೆಗಾಲ ಕಳೆದೆ. ಇನ್ನೂ ನಾನು ಪರದೇಶಿಯೇ?" ಅದರ ಅರ್ಥ ಹೇಳಿದಾಗ ನೋಟ್‌ಬುಕ್ ಮುಚ್ಚಿಟ್ಟು, ಅದೊಂದು ಮಾತನ್ನು ನೋಡದೆಯೇ ಕಲಿಯುತ್ತೇನೆ ಎಂದರು. ಪಾತ್ರಕ್ಕಾಗಿ ಮೀಸೆ ಬಿಟ್ಟರು.

ಅಷ್ಟರಲ್ಲಿ ಬ್ಯಾಂಕುಗಳು ಒಂದೊಂದಾಗಿ ಕುಸಿಯತೊಡಗಿದವು. ಸಂಘಕ್ಕೆ ಸ್ಪಾನ್ಸರ್ ಆಗುತ್ತಿದ್ದ ರಿಯಲ್ ಎಸ್ಟೇಟಿನವರು ಹಿಂದೆ ಸರಿದರು, ಹತ್ತಿರದ ಊರು ಐಸೆಲಿನ್ನಿನ ಸೀರೆ ಅಂಗಡಿಯವರೂ ಈ ವರ್ಷ ಆಗುವುದಿಲ್ಲ ಎಂದರು. ಕಾರ್ಯಕ್ರಮಕ್ಕೆ ಎಂಟು ದಿನ ಇರುವಾಗ ಸಂಘದ ಅಧ್ಯಕ್ಷರು ಫೋನ್ ಮಾಡಿದರು.

"ಹಾಲ್ ಅರ್ಧ ದಿನಕ್ಕೆ ಮಾತ್ರ ಬುಕ್ ಮಾಡಿದೀವಿ ಮೇಡಂ. ಮಕ್ಕಳ ಡ್ಯಾನ್ಸ್ ತೆಗೆದರೆ ಪೇರೆಂಟ್ಸೇ ಬರಲ್ಲ. ನಾಟಕ ಮುಂದಿನ ವರ್ಷ ನೋಡೋಣ. ಉಳಿದವರಿಗೆ ನಾನು ಹೇಳ್ತೀನಿ, ಆ ಅಂಕಲ್‌ಗೆ ಮಾತ್ರ ನೀವೇ ಹೇಳ್ಬಿಡಿ."

ಆಯಿತು ಎಂದೆ. ಆದರೆ ಹೇಳಲಿಲ್ಲ.

ಆ ಫೋನ್ ಬರುವ ಎರಡು ದಿನ ಮೊದಲು, ಗುರುವಾರ, ನನ್ನ ಕೆಲಸ ಹೋಗಿತ್ತು. ಪರಿಚಯವೇ ಇಲ್ಲದ ಒಬ್ಬ ಹುಡುಗಿ ನನ್ನನ್ನೊಂದು ಕೋಣೆಗೆ ಕರೆದು, ಕಾಗದ ನೋಡಿಕೊಂಡು, ನಿಮ್ಮ ಅಗತ್ಯವಿಲ್ಲ ಎಂಬುದನ್ನು ತುಂಬ ಮೃದುವಾಗಿ ಹೇಳಿದ್ದಳು. ಆ ಮೃದು ದನಿ ಕಿವಿಯಲ್ಲೇ ಇತ್ತು. ಅದೇ ದನಿಯಲ್ಲಿ ನಾನು ಇನ್ನೊಬ್ಬರಿಗೆ ಹೇಳಲಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದು ಹೇಡಿತನ. ಬಸ್ಸಿಗೆ ಹೋಗುವುದು ನಿಂತಿದ್ದರಿಂದ ಅವರು ಎದುರಾಗಲಿಲ್ಲ. ಅವರ ವಾಯ್ಸ್‌ಮೇಲ್ ಮಾತ್ರ ಎರಡು ಸಲ ಬಂತು. ಮೊದಲನೆಯದರಲ್ಲಿ, "ಹಳೇ ಬೂಟಿಗೆ ಪಾಲಿಶ್ ಮಾಡಿಸಿದ್ದೇನೆ, ಕಲೆಕ್ಟರ್ ಹಾಕಬಹುದಾದಂಥದ್ದು" ಎಂದಿದ್ದರು. ಎರಡನೆಯದನ್ನು ನಾನು ಪೂರ್ತಿ ಕೇಳಲೇ ಇಲ್ಲ. ನಾಳೆ ಫೋನ್ ಮಾಡೋಣ ಎನ್ನುವುದರಲ್ಲೇ ವಾರ ಕಳೆದುಹೋಯಿತು.

ಕಾರ್ಯಕ್ರಮದ ದಿನ ನಾನು ಹಾಲ್ ಇದ್ದ ಶಾಲೆಯ ಬಾಗಿಲಲ್ಲಿ ರಿಜಿಸ್ಟ್ರೇಷನ್ ಟೇಬಲ್ಲಿನ ಹಿಂದೆ ಕೂತಿದ್ದೆ. ಟ್ಯಾಕ್ಸಿಯಿಂದ ಅವರು ಇಳಿದರು. ಮೀಸೆಯನ್ನು ಚೆನ್ನಾಗಿ ತಿದ್ದಿಸಿಕೊಂಡಿದ್ದರು. ಕೈಯಲ್ಲಿ ಸೂಟ್ ಬ್ಯಾಗು.

"ನನ್ನ ಎಂಟ್ರಿ ಎಷ್ಟು ಹೊತ್ತಿಗೆ?"

ಎದ್ದು ನಿಂತು, ನಾಟಕ ರದ್ದಾಗಿದೆ ಎಂದು ಹೇಳಿದೆ. ಅವರ ಮುಖದಲ್ಲಿ ಏನೂ ಕಾಣಿಸಲಿಲ್ಲ. ಐವತ್ತು ವರ್ಷ ಅದನ್ನೇ ಅಭ್ಯಾಸ ಮಾಡಿದವರು.

"ಯಾವಾಗ ನಿಶ್ಚಯವಾಯಿತು?"

"ಹೋದ ವಾರ, ಶನಿವಾರ."

ಬ್ಯಾಗನ್ನು ನಿಧಾನವಾಗಿ ಕೆಳಗಿಟ್ಟರು. "ಪಾತ್ರ ಕೈತಪ್ಪೋದು ನನಗೆ ಹೊಸದಲ್ಲ. ಆದರೆ ಪ್ರತಿ ಸಲವೂ ಯಾರಾದರೊಬ್ಬರು ಫೋನ್ ಮಾಡಿ ಹೇಳ್ತಿದ್ದರು."

ನಾನು ಸಾರಿ ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ಹಿಂದಿನ ಸಾಲಿನಲ್ಲಿ ಕೂತು ಮಕ್ಕಳ ಒಂದೊಂದು ಡ್ಯಾನ್ಸಿಗೂ ಚಪ್ಪಾಳೆ ತಟ್ಟಿದರು. ಊಟದ ಹೊತ್ತಿಗೆ ಅತ್ತೆ ಅವರ ಪಕ್ಕ ಕೂತು, ತಟ್ಟೆಗೆ ಮೊಸರನ್ನ ಹಾಕಿಸಿ, ಕೈಸನ್ನೆ ಮಾಡಿ ಕೇಳಿದರಂತೆ: "ಸಾಹೇಬ್ರ, ನಂಗರ ಹೇಳಿ ತೋರಸ್ರಿ." ಕ್ಯಾಫೆಟೇರಿಯಾದ ಗದ್ದಲದಲ್ಲಿ ಅವರು ಎದ್ದು ನಿಂತು, ಕಡೇ ದೃಶ್ಯವನ್ನು ಅತ್ತೆಯೊಬ್ಬರ ಮುಂದೆ ಪೂರ್ತಿ ಹೇಳಿದರಂತೆ. ನಾನು ಅದನ್ನೂ ಕೇಳಲಿಲ್ಲ. ಅವರ ಕಣ್ಣಿಗೆ ಬೀಳಬಾರದೆಂದು ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಕುರ್ಚಿಗಳನ್ನು ವ್ಯಾನಿಗೆ ಹಾಕಿಸುತ್ತಿದ್ದೆ.

"ಒಂದ ಅಕ್ಷರ ತಪ್ಪಲಿಲ್ಲ ನೋಡು" ಎಂದು ಕಾರಿನಲ್ಲಿ ಅತ್ತೆ ಹೇಳಿದರು. ಮನೆವರೆಗೆ ರೈಡ್ ಕೊಡುತ್ತೇವೆ ಎಂದು ಸಂಘದವರು ಹೇಳಿದರೂ ಸಾಹೇಬರು ಒಪ್ಪದೆ ಟ್ಯಾಕ್ಸಿಯಲ್ಲೇ ಹೋಗಿದ್ದರು.

ಬೇರೆ ಕೆಲಸ ಸಿಗಲು ನನಗೆ ಏಳು ತಿಂಗಳು ಬೇಕಾಯಿತು. ಆಮೇಲೆ ಒಂದು ಶನಿವಾರ ಧೈರ್ಯ ಮಾಡಿ ಅವರ ಕಾಲೊನಿಗೆ ಡ್ರೈವ್ ಮಾಡಿಕೊಂಡು ಹೋದೆ. ಮನೆ ಮಾರಾಟಕ್ಕಿತ್ತು. ಇಂಗ್ಲೆಂಡಿನಲ್ಲಿರುವ ತಂಗಿಯ ಮನೆಗೆ ಹೋದರು ಎಂದು ಪಕ್ಕದ ಮನೆಯ ಹೆಂಗಸು ಹೇಳಿ, ವಿಳಾಸ ಬರೆದುಕೊಟ್ಟರು. ಎರಡು ಸಲ ಕಾಗದ ಬರೆದು ಹರಿದುಹಾಕಿದೆ. ಮೂರನೆಯದನ್ನು ಪೋಸ್ಟ್ ಮಾಡಿದೆ. ಅದಕ್ಕೆ ಅವರ ತಂಗಿಯಿಂದ ನಾಲ್ಕು ಸಾಲಿನ ಉತ್ತರ ಬಂತು. ಅಣ್ಣ ಹೋದ ತಿಂಗಳು ತೀರಿಕೊಂಡ, ಕಾಗದ ತಡವಾಯಿತು ಎಂದಿತ್ತು.

ಧಾರವಾಡಕ್ಕೆ ಹಿಂದಿರುಗಿದ್ದ ಅತ್ತೆ ಪ್ರತಿ ಸಲ ಫೋನಿನಲ್ಲಿ ಕೇಳುತ್ತಿದ್ದರು. "ಸಾಹೇಬ್ರು ಹ್ಯಾಂಗಿದ್ದಾರ? ನಾಟಕ ಯಾವಾಗ?"

"ಚೆನ್ನಾಗಿದ್ದಾರೆ ಅತ್ತೆ. ನಿಮ್ಮನ್ನು ಕೇಳ್ತಿರ್ತಾರೆ" ಎನ್ನುತ್ತಿದ್ದೆ. ಅತ್ತೆ ತೀರಿಕೊಳ್ಳುವವರೆಗೂ, ನಾಲ್ಕು ವರ್ಷ, ಹಾಗೆಯೇ ಹೇಳಿದೆ.