ಕೆರೆಗೆ ಇನ್ನೊಂದೇ ಇಳಿಜಾರು

ಕಳೆದ ಶನಿವಾರ ಕ್ಲೋಸೆಟ್ ಖಾಲಿ ಮಾಡುತ್ತಿದ್ದಾಗ ಚಳಿಗಾಲದ ಕೋಟುಗಳ ಹಿಂದೆ ಒಂದು ಜಾಲರಿ ಟೋಪಿ ಸಿಕ್ಕಿತು. ತಲೆಯಿಂದ ಕುತ್ತಿಗೆಯವರೆಗೆ ಬಲೆ ಇಳಿಬಿಡುವ, ಹಾಕಿಕೊಂಡರೆ ಜೇನು ಬಿಡಿಸಲು ಹೊರಟವರಂತೆ ಕಾಣುವ ಟೋಪಿ. ಮೂಗಿನ ಹತ್ತಿರ ತಂದೆ. ಕರ್ಪೂರ ಕರಗಿಸಿದ ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಒಗೆದೇ ಎತ್ತಿಟ್ಟಿದ್ದೆ ಅಂದುಕೊಂಡಿದ್ದೆ... ಬಟ್ಟೆಗೆ ಹಿಡಿದ ಎಣ್ಣೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೆಲಸ ಅಲ್ಲಿಗೇ ಬಿಟ್ಟು ಕಾರ್ಪೆಟ್ಟಿನ ಮೇಲೆ ಕೂತುಬಿಟ್ಟೆ. ಹೇಗೂ ಸುಸ್ತಾಗಿತ್ತು. ಈಚೆಗೆ ಯಾವಾಗಲೂ ಸುಸ್ತೇ.

ಆ ಎಣ್ಣೆ ಮೇಲಿನ ಮನೆಯ ಆಂಟಿ ಮಾಡಿದ್ದು. ನೆನಪಾದವರು ಮಾತ್ರ ಅಂಕಲ್.

ಗೈದರ್ಸ್‌ಬರ್ಗ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮ ತಲೆಯ ಮೇಲೆಯೇ ಅವರ ಮನೆ. ನಾನು ಮದುವೆಯಾಗಿ ಮೈಸೂರಿನಿಂದ ಬಂದು ಸಾಮಾನು ಬಿಚ್ಚಿ ಮುಗಿಸುವಷ್ಟರಲ್ಲಿ ಕೋವಿಡ್ ಬಂತು, ಊರೆಲ್ಲ ಬಾಗಿಲು ಹಾಕಿಕೊಂಡಿತು. ಆಗ ನನಗೆ ಗೊತ್ತಿದ್ದ ಅಮೆರಿಕ ಎಂದರೆ ಅಡುಗೆಮನೆ ಕಿಟಕಿ, ಪಾರ್ಕಿಂಗ್ ಲಾಟ್, ಮತ್ತೆ ಬೆಳಗಾಗುತ್ತಲೇ ತಲೆಯ ಮೇಲೆ ಕೇಳುವ ಅಂಕಲ್ ಹೆಜ್ಜೆ ಸಪ್ಪಳ. ಊರಿಗೆ ಊರೇ ಮನೆಯಲ್ಲಿ ಕೂತಿದ್ದಾಗಲೂ ಅವರು ಕೆಲಸಕ್ಕೆ ಹೋಗುತ್ತಿದ್ದರು. ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ಕೆಲಸ. ಬಾಟಲಿಗಳಲ್ಲಿ ಬೆಳೆಯುವ ಆ ಕೋಶಗಳಿಗೆ ಎರಡು ದಿನಕ್ಕೊಮ್ಮೆ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು. ತಪ್ಪಿದರೆ ಸಾಯುತ್ತವೆ.

“ಕೂಸುಗೋಳಿಗೆ ಉಣಿಸಿ ಬರ್ತೀನ್ರಿ” ಎಂದು ಮೆಟ್ಟಿಲು ಇಳಿಯುತ್ತಿದ್ದರು. ಹಿಮ ಬೀಳಲಿ, ದೀಪಾವಳಿಯ ಪೂಜೆ ಅರ್ಧಕ್ಕೆ ಬಂದಿರಲಿ, ಕೂಸುಗಳ ಊಟ ತಪ್ಪುತ್ತಿರಲಿಲ್ಲ. ಹೆತ್ತ ಮಗಳಿಗೆ ಒಂದು ದಿನವೂ ಹೀಗೆ ಉಣಿಸಿದವರಲ್ಲ ಎಂದು ಆಂಟಿ ಎಲ್ಲರೆದುರೇ ಕಾಲೆಳೆಯುತ್ತಿದ್ದರು. ಅಂಕಲ್ ನಗುತ್ತಲೇ ಮೆಟ್ಟಿಲು ಇಳಿಯುತ್ತಿದ್ದರು. ಹೀಗಾಗಿ ಅವರು ಎರಡು ದಿನಕ್ಕಿಂತ ಹೆಚ್ಚು ಊರು ಬಿಟ್ಟಿರಲೇ ಇಲ್ಲ. ಭಾರತಕ್ಕೂ ಹೋಗಿರಲಿಲ್ಲ. ಅದಕ್ಕೆ ಕೂಸುಗಳಷ್ಟೇ ಕಾರಣವಲ್ಲ. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಸ್ಟಾಂಪಿನ ಅವಧಿ ಮುಗಿದು ವರ್ಷಗಳಾಗಿದ್ದವು. ದೇಶದೊಳಗೇ ಇದ್ದರೆ ಅದರಿಂದ ತೊಂದರೆಯಿಲ್ಲ, ಹೊರಗೆ ಹೋದರೆ ಮಾತ್ರ ಹೊಸದಾಗಿ ಹಾಕಿಸಿಕೊಂಡೇ ಬರಬೇಕು, ಹಾಕದಿದ್ದರೆ ಅಲ್ಲೇ ಉಳಿಯಬೇಕು. ಗ್ರೀನ್ ಕಾರ್ಡಿನ ಸಾಲು ಹನುಮಂತನ ಬಾಲದಂತೆ ಬೆಳೆಯುತ್ತಲೇ ಇತ್ತು.

ಅವರ ಫ್ರಿಜ್ಜಿನ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಟೇಪು ಹಾಕಿ ಅಂಟಿಸಿದ್ದರು. ಮೇನ್ ರಾಜ್ಯದ ತುತ್ತತುದಿಯ ಕಾಡು. ಸೂಜಿಯಂಥ ಎಲೆಯ ಕಡುಹಸಿರು ಮರಗಳು, ನಡುವೆ ಒಂದು ಕೆರೆ, ಮನುಷ್ಯರ ಸುಳಿವಿಲ್ಲ. ಸಂಜೆ ನಾವೆಲ್ಲ ನಮ್ಮ ಬಡಾವಣೆಯ ಪುಟ್ಟ ಕೆರೆ ಸುತ್ತುವಾಗ ಅಂಕಲ್‌ಗೆ ಆ ಚಿತ್ರದ ಕೆರೆಯದೇ ಜಪ.

“ನಮ್ಮ ಗದಗಿನ ಕಡೆ ಕೆರೀ ಅಂದ್ರ ಬ್ಯಾಸಿಗ್ಯಾಗ ಕ್ರಿಕೆಟ್ ಆಡೋ ಜಾಗಾ ನೋಡವಾ. ಇದು ಹಂಗಲ್ಲ, ಎಂದೂ ಬತ್ತೂದಿಲ್ಲ. ಒಮ್ಮೆ ಮೊಣಕಾಲ ಮಟ ಇಳಿದು ನಿಂದರಬೇಕು. ಅಷ್ಟ, ಮತ್ತೇನೂ ಬ್ಯಾಡ.”

ನೀರಲ್ಲಿ ನಿಲ್ಲಲು ಅಷ್ಟು ದೂರ ಹೋಗಬೇಕೇ ಎಂದು ನನ್ನ ಗಂಡ ಒಳಗೊಳಗೇ ನಗುತ್ತಿದ್ದ. ನನಗೂ ಅರ್ಥವಾಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ.

ಆಮೇಲೊಂದು ವಸಂತದಲ್ಲಿ ಅವರ ಲ್ಯಾಬು ಮುಚ್ಚಿತು. ಕೆಲಸ ಹೋದರೆ, ಕೆಲಸದ ವೀಸಾ ನಂಬಿಕೊಂಡಿರುವ ನಮ್ಮಂಥವರಿಗೆ ಎರಡು ತಿಂಗಳ ಗಡುವು. ಅಷ್ಟರಲ್ಲಿ ಇನ್ನೊಂದು ಕೆಲಸ ಹುಡುಕಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅಂದು ಸಂಜೆ ಅಂಕಲ್ ನಮ್ಮ ಸೋಫಾದಲ್ಲಿ ಕೂತು, ಆರಿದ ಕಾಫಿ ಹಿಡಿದುಕೊಂಡು, ಇನ್ನು ಕೂಸುಗಳಿಗೆ ಉಣಿಸುವವರು ಯಾರೂ ಇಲ್ಲ, ಎಲ್ಲವನ್ನೂ ಚೆಲ್ಲಿ ಬಂದೆ ಎಂದರು.  ಮೂರು ವಾರ ಅರ್ಜಿ ಹಾಕಿದರು, ವಿಡಿಯೊದಲ್ಲಿ ಇಂಟರ್‌ವ್ಯೂ ಕೊಟ್ಟರು, ಟೈ ಕಟ್ಟಿಕೊಂಡು ಮನೆಯಲ್ಲೇ ಓಡಾಡಿದರು. ಒಂದು ದಿನ ಕೆಳಗೆ ಬಂದು ಕೇಳಿದರು, “ಈಗರ ಆ ಕೆರೀಗೆ ಹೋಗೂಣೇನ್ರಿ? ಈಗ ಉಣಿಸೂದು ಯಾರಿಗೂ ಇಲ್ಲ.”

ಅರ್ಜಿ ಹಾಕುವ ಹೊತ್ತಿನಲ್ಲಿ ಅಡವಿ ಸುತ್ತಲು ಹೊರಟಿದ್ದಾರೆಂದು ಆಂಟಿ ಬೈದುಕೊಂಡೇ ಖಡಕ್ ರೊಟ್ಟಿ ಕಟ್ಟಿದರು, ಶೇಂಗಾ ಚಟ್ನಿ ಕುಟ್ಟಿದರು. ಜೂನಿನಲ್ಲಿ ಅಲ್ಲಿ ಕಪ್ಪು ನೊಣದ ಕಾಟ ಎಂದು ಯಾರೋ ಹೇಳಿದ್ದಕ್ಕೆ ಎಣ್ಣೆಗೆ ಕರ್ಪೂರ ಹಾಕಿ ಕಾಸಿದರು. ಒಂದು ದಿನ ಪೂರ್ತಿ, ಮರುದಿನ ಅರ್ಧ, ಡ್ರೈವ್ ಮಾಡಿದೆವು. ಪೇಟೆಗಳು ಸಣ್ಣದಾಗುತ್ತ ಹೋಗಿ, ಕೊನೆಗೆ ಮರ ಹೊತ್ತ ಲಾರಿಗಳಷ್ಟೇ ಎದುರಾದವು. ಫೋನುಗಳ ಸಿಗ್ನಲ್ ಯಾವಾಗಲೋ ಹೋಗಿತ್ತು.

ಆ ಕಾಡಿನಲ್ಲಿ ಸದ್ದೇ ಇರಲಿಲ್ಲ. ನೆಲದ ಮೇಲೆ ಪಾದ ಹೂತುಹೋಗುವಷ್ಟು ದಪ್ಪ ಪಾಚಿ. ಜೌಗು ಬಂದಲ್ಲೆಲ್ಲ ಉದ್ದುದ್ದ ಹಲಗೆ ಹಾಸಿದ್ದರು, ಒಬ್ಬರ ಹಿಂದೆ ಒಬ್ಬರು ಕೈ ಅಗಲಿಸಿಕೊಂಡು ದಾಟಬೇಕು. ಮರದಿಂದ ಮರಕ್ಕೆ ಬಳಿದಿದ್ದ ನೀಲಿ ಬಣ್ಣದ ಗುರುತೇ ದಾರಿ. ನೊಣಗಳು ಕರ್ಪೂರಕ್ಕೆ ಕವಡೆ ಕಿಮ್ಮತ್ತೂ ಕೊಡಲಿಲ್ಲ, ಜಾಲರಿ ಟೋಪಿಯೊಳಗೂ ನುಗ್ಗಿ ಕಿವಿಯ ಹಿಂದೆ ಕಚ್ಚಿ ರಕ್ತ ತೆಗೆದವು. ನಾನು ಮನಸ್ಸಿನಲ್ಲೇ ಎಲ್ಲರನ್ನೂ ಶಪಿಸಿಕೊಂಡು ನಡೆದೆ. ಅಂಕಲ್ ಮಾತ್ರ ಮೊಣಕಾಲು ಹಿಡಿದುಕೊಂಡು, ನಿಂತು ನಿಂತು, ಆದರೂ ಎಲ್ಲರಿಗಿಂತ ಮುಂದೆ.

ಮಧ್ಯಾಹ್ನದ ಹೊತ್ತಿಗೆ ಒಂದು ದಿಣ್ಣೆ ಹತ್ತಿದೆವು. ಕೆಳಗೆ ಮರಗಳ ಸಂದಿನಲ್ಲಿ ನೀರು ಫಳಕ್ಕೆಂದಿತು. ಇನ್ನೊಂದೇ ಇಳಿಜಾರು. ಅಷ್ಟರಲ್ಲಿ ಅಂಕಲ್ ಜೇಬಿನಲ್ಲಿ ಫೋನು ಗುಂಯ್ ಎಂದಿತು. ತೆಗೆದು ನೋಡಿದರು. ಕೆನಡಾಕ್ಕೆ ಸ್ವಾಗತ, ಇಲ್ಲಿನ ಕರೆಯ ದರ ಇಷ್ಟು, ಎಂದು ಫೋನ್ ಕಂಪನಿಯವರ ಮೆಸೇಜು.

ಅಂಕಲ್ ಅಲ್ಲೇ ನಿಂತರು. ಮುಖದ ಬಣ್ಣ ಇಳಿದುಹೋಗಿತ್ತು.

“ಅಂಕಲ್, ಬರೀ ಸಿಗ್ನಲ್ ಅದು. ಬಾರ್ಡರ್ ಇನ್ನೂ ದೂರ ಇದೆ, ಮ್ಯಾಪ್ ಚೆಕ್ ಮಾಡಿ ಬೇಕಾದ್ರೆ” ಎಂದ ನನ್ನ ಗಂಡ.

“ನಿಮ್ಮ ಪಾಸ್‌ಪೋರ್ಟಿನ್ಯಾಗ ಸ್ಟಾಂಪ್ ಐತ್ರಿ. ನನಗ ಸ್ಟಾಂಪೂ ಇಲ್ಲ, ಕೆಲಸಾನೂ ಇಲ್ಲ. ನಾಳೆ ಯಾವನರ ಫೋನಿನ ರೆಕಾರ್ಡ್ ತಗದು, ದೇಶ ದಾಟಿದ್ದೆಲ್ಲೋ ಅಂದ್ರ ಏನ್ ಹೇಳ್ಲಿ? ಮಗಳ ಕಾಲೇಜು ಇನ್ನ ಮುಗದಿಲ್ಲ.”

ಫೋನ್ ಆಫ್ ಮಾಡಿದರು. ಅದೂ ಸಾಲದೆನಿಸಿ, ಆಂಟಿಯ ತಾಳಿಯಲ್ಲಿ ಸಿಕ್ಕಿಸಿದ್ದ ಪಿನ್ನು ಇಸಿದುಕೊಂಡು ಸಿಮ್ ಕಾರ್ಡನ್ನೇ ಹೊರಗೆ ತೆಗೆದರು.  ಎರಡು ಸಲ ಪಿನ್ನು ಪಾಚಿಯ ಮೇಲೆ ಬಿತ್ತು. ಬೇರೆ ಯಾರಾದರೂ ನೋಡಿದ್ದರೆ ನಗುತ್ತಿದ್ದರು. ನಾವು ನಗಲಿಲ್ಲ. ಬಾಡಿಗೆಯ ಹಳೆ ರಸೀದಿಯನ್ನೂ ಎಸೆಯದೆ ಇಟ್ಟುಕೊಳ್ಳುವವರು ನಾವು. ರಸ್ತೆಯಲ್ಲಿ ಪೊಲೀಸರ ಕಾರು ಕಂಡರೆ ತಪ್ಪೇನೂ ಮಾಡದೆಯೂ ಬೆನ್ನು ನೆಟ್ಟಗೆ ಮಾಡಿ ಕೂರುವವರು. ಆ ಭಯ ಎಷ್ಟು ದಣಿಸುತ್ತದೆ ಎನ್ನುವುದು ಅದರೊಳಗೆ ಬದುಕಿದವರಿಗೇ ಗೊತ್ತು.

ಅಂಕಲ್ ಒಂದು ಬಿದ್ದ ಮರದ ಮೇಲೆ ಕೂತರು, ನೀವು ನೋಡಿ ಬನ್ನಿ ಎಂದರು. ಆಂಟಿ ಅವರನ್ನೂ ಇಳಿಜಾರನ್ನೂ ಒಮ್ಮೆ ನೋಡಿದರು.

“ನನ್ನ ಫೋನ್ ಕಾರಿನ್ಯಾಗ ಐತಿ. ನನಗ್ಯಾರೂ ಸ್ವಾಗತ ಹೇಳಿಲ್ಲ. ನಾ ಹೊಕ್ಕೀನಿ” ಎಂದು ನೀರಿನ ಸ್ಟೀಲ್ ಬಾಟಲಿ ಹಿಡಿದು ಹೊರಟೇಬಿಟ್ಟರು. ಅವರ ವೀಸಾ ಅಂಕಲ್ ವೀಸಾಕ್ಕೇ ಗಂಟು ಹಾಕಿದ್ದು. ಅಂಕಲ್‌ಗಿದ್ದ ಅಪಾಯವೇ ಆಂಟಿಗೂ. ನಾವಿಬ್ಬರು ಹಿಂದೆ ಓಡಿದೆವು.

ಕೆರೆ... ಹೇಗಿತ್ತು ಎಂದು ಹೇಳಲು ಈಗಲೂ ಬರುವುದಿಲ್ಲ. ದಡದಲ್ಲಿ ನೀರು ತೆಳು ಡಿಕಾಕ್ಷನ್ ಬಣ್ಣ, ದೂರದಲ್ಲಿ ಕಪ್ಪು. ಯಾವುದೋ ನೀರುಹಕ್ಕಿ ಅಳುವ ದನಿಯಲ್ಲಿ ಒಮ್ಮೆ ಕೂಗಿ ಸುಮ್ಮನಾಯಿತು. ಆಂಟಿ ಇದಾವುದನ್ನೂ ನೋಡಲಿಲ್ಲ. ಬಾಟಲಿ ಅದ್ದಿ ತುಂಬಿಸಿಕೊಂಡು ಬಂದ ಹಾಗೇ ತಿರುಗಿದರು. ದಿಣ್ಣೆಯ ಮೇಲೆ ಅಂಕಲ್‌ಗೆ ಶೂ, ಸಾಕ್ಸ್ ಬಿಚ್ಚಿಸಿ ಆ ನೀರನ್ನು ಪಾದದ ಮೇಲೆ ಸುರಿದರು. ಭಾಳ ತಣ್ಣಗೈತಿ ಎಂದರು ಅಂಕಲ್.  ನಾನು ಬೇರೆ ಕಡೆ ನೋಡುತ್ತ ನಿಂತೆ, ಅಳು ಬಂದಿತ್ತು.

ಕಾರು ನಿಲ್ಲಿಸಿದ್ದಲ್ಲಿಗೆ ಬಂದಾಗ ಕಾಡಿನ ಸಿಬ್ಬಂದಿಯೊಬ್ಬ ಕಸದ ತೊಟ್ಟಿ ಖಾಲಿ ಮಾಡುತ್ತಿದ್ದ. ನನ್ನ ಗಂಡ ಕೇಳಿಯೇ ಬಿಟ್ಟ. ಅವನು ನಕ್ಕ. ಆ ಮೆಸೇಜು ಇಲ್ಲಿ ಎಲ್ಲರಿಗೂ ಬರುತ್ತದೆ, ಆಚೆ ದೇಶದ ಟವರು ಬೆಟ್ಟ ದಾಟಿ ಹಿಡಿಯುತ್ತದೆ, ಗಡಿ ಕೆರೆಯಿಂದ ಇನ್ನೂ ಬಹಳ ಆಚೆ, ಎಂದ. ಅಂಕಲ್ ಕೂಡ ನಕ್ಕರು, ಅವನಿಗಿಂತ ಜೋರಾಗಿ.

“ನಾಳೆ ಮತ್ತೆ ಬರೋಣ ಅಂಕಲ್, ಇನ್ನೊಂದು ದಿನ ಉಳ್ಕೊಂಡ್ರಾಯ್ತು” ಎಂದೆ.

“ಬ್ಯಾಡವಾ. ಸಾಕಾತು.” ಶೂಗೆ ಮೆತ್ತಿದ್ದ ಪಾಚಿಯನ್ನು ಕಡ್ಡಿಯಿಂದ ಬಿಡಿಸುತ್ತಿದ್ದರು. “ನಡದು ದಣಿದಿಲ್ಲ ನಾ. ಅಂಜಿ ಅಂಜಿ ದಣಿದೀನಿ.”

ಕೆಲಸ ಸಿಗಲಿಲ್ಲ. ಸೋಫಾ, ಟಿವಿ ಎಲ್ಲ ಅವರಿವರಿಗೆ ಹಂಚಿ ಗದಗಿಗೆ ಹೊರಟರು. ಮಗಳು ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಂಡು ಇಲ್ಲೇ ಷಾರ್ಲೆಟ್‌ನಲ್ಲಿ ಓದು ಮುಂದುವರಿಸಿದಳು. ಮೊದಮೊದಲು ಅಂಕಲ್ ಫೋನ್ ಮಾಡುತ್ತಿದ್ದರು. ಆಮೇಲೆ ಹಬ್ಬಕ್ಕೊಂದು ಮೆಸೇಜು. ನನಗೂ ಕೆಲಸ, ಸುಸ್ತು, ಸಮಯದ ವ್ಯತ್ಯಾಸ... ಕಳೆದ ವರ್ಷ ಒಂದು ಬೆಳಿಗ್ಗೆ ಹೃದಯ ನಿಂತು ಹೋಗಿಬಿಟ್ಟರು.

ಎರಡು ವಾರದ ಹಿಂದೆ ಅವರ ಮಗಳು ನನಗೆ ಫೋನ್ ಮಾಡಿದಳು. “ಅಕ್ಕಾ, ಅಪ್ಪ ಆ ಲೇಕ್‌ನಲ್ಲಿ ನಿಂತಿದ್ರಲ್ಲ, ಮೊಣಕಾಲ್ ತನಕ ನೀರಲ್ಲಿ? ಆ ಎಕ್ಸಾಕ್ಟ್ ಸ್ಪಾಟ್ ನಂಗೆ ತೋರಿಸ್ತೀರಾ?” ನಾನು ಏನೋ ಒಂದು ಹೇಳಿ ಇಟ್ಟೆ. ಕೂಡಲೇ ಆಂಟಿಗೆ ಫೋನ್ ಹಚ್ಚಿದೆ.

 ಊರಿಗೆ ಬಂದ ಮೇಲೆ ಅಂಕಲ್ ಎಲ್ಲರ ಮುಂದೆಯೂ ಕೆರೆಗೆ ಇಳಿದು ನಿಂತಿದ್ದೆ ಎಂದೇ ಹೇಳುತ್ತಿದ್ದರಂತೆ. ನೆಂಟರಿಗೆ, ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆ. ನೀರಿನ ಬಣ್ಣ, ಕಾಲಡಿಯ ಕಲ್ಲು, ಹಕ್ಕಿಯ ಕೂಗು, ಎಲ್ಲ ಸೇರಿಸಿ.

“ಮಗಳಿಗೂ ಹಂಗ ಹೇಳ್ಯಾರ. ನಾ ಅಲ್ಲ ಅನ್ನಲಿಲ್ಲವಾ. ನೀನೂ ಅನ್ನಬ್ಯಾಡ.”

ಬರುವ ತಿಂಗಳು ಅವಳು ಬರುತ್ತಾಳೆ, ಕರೆದುಕೊಂಡು ಹೋಗಬೇಕು. ಅಂಕಲ್ ಇಲ್ಲ ಎನ್ನುವುದು ಈಗೀಗ ನನಗೆ ಸರಿಯಾಗಿ ತಟ್ಟುತ್ತಿದೆ. ಕೂತಲ್ಲಿ ನಿಂತಲ್ಲಿ ಆ ದಡವನ್ನು ನೆನಪಿಗೆ ತಂದುಕೊಳ್ಳಲು ನೋಡುತ್ತಿದ್ದೇನೆ. ಬಲಗಡೆ ಬರೀ ಕೆಸರು. ಎಡಕ್ಕೆ ಸ್ವಲ್ಪ ಹೋದರೆ ಚಪ್ಪಟೆ ಕಲ್ಲುಗಳಿದ್ದವು, ನೀರು ಆಳವಿರಲಿಲ್ಲ, ಹಿಡಿದುಕೊಳ್ಳಲು ಒಂದು ಬಾಗಿದ ಮರವೂ ಇತ್ತು. ಮೊಣಕಾಲು ನೋವಿನ ಮನುಷ್ಯ, ಇಳಿಯುವುದಾಗಿದ್ದರೆ ಅಲ್ಲೇ ಇಳಿಯುತ್ತಿದ್ದರು. ಅದನ್ನೇ ತೋರಿಸುತ್ತೇನೆ.