ಅಕ್ಕಿ ಡ್ರಮ್ಮಿನಲ್ಲಿದ್ದ ಲಕ್ಷ್ಮಿ

ಆಗೆಲ್ಲ ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. ಎಲ್ಲರೂ ಪತ್ತೇದಾರಿ ಧಾರಾವಾಹಿಯ ಮುಂದೆ ಕೂತಿರುತ್ತಿದ್ದರು. ಪ್ರತಿ ವಾರ ಒಂದು ಕೊಲೆ, ಇಲ್ಲವೇ ಒಂದು ಕಳವು. ಕೊನೆಯ ಐದು ನಿಮಿಷದಲ್ಲಿ ಮೀಸೆಯ ಇನ್‌ಸ್ಪೆಕ್ಟರ್ ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸಿ ಒಬ್ಬರತ್ತ ಬೆರಳು ತೋರಿಸುತ್ತಿದ್ದ. ಅವರು ಅಳುತ್ತಾ ಒಪ್ಪಿಕೊಳ್ಳುತ್ತಿದ್ದರು. ಒಮ್ಮೆಯೂ ಅವನ ಬೆರಳು ತಪ್ಪಿದ್ದಿಲ್ಲ.

ನಮ್ಮಲ್ಲಿ ಟಿವಿ ಇರಲಿಲ್ಲ. ಮನೆ ಓನರ್ ಪದ್ಮಾ ಆಂಟಿಯ ನಡುಮನೆಯೇ ನಮ್ಮ ಥಿಯೇಟರು. ಹಿಂದಿನ ಪೋರ್ಷನ್ನಿನಿಂದ ಅಪ್ಪ, ಅಮ್ಮ, ನಾನು ಹೋಗುತ್ತಿದ್ದೆವು. ಮೇಲಿನ ಒಂಟಿ ರೂಮಿನಿಂದ ಗಿರಿಜಕ್ಕ ಇಳಿದು ಬರುತ್ತಿದ್ದರು. ಗದಗಿನ ಕಡೆಯವರು, ಯಾವುದೋ ಆಫೀಸಿನಲ್ಲಿ ಟೈಪಿಸ್ಟು, ಆ ರೂಮಿಗೆ ಬಂದು ಆರು ತಿಂಗಳಾಗಿತ್ತು. ಹುರಿದ ಶೇಂಗಾವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ಪಕ್ಕವೇ ಕೂರುತ್ತಿದ್ದರು. ಸಿಪ್ಪೆ ಬಿಡಿಸಿ ನನ್ನ ಅಂಗೈಗೆ ಹಾಕುತ್ತಾ, ಜಾಹೀರಾತು ಬಂದಾಗ ಕೇಳುತ್ತಿದ್ದರು: "ಯಾರವಾ ಕಳ್ಳ? ಹೇಳು ನೋಡೂಣು."

ನನಗೆ ಹನ್ನೊಂದು ವರ್ಷ. ದೊಡ್ಡವಳಾದ ಮೇಲೆ ಇನ್‌ಸ್ಪೆಕ್ಟರ್ ಆಗಿಯೇ ತೀರುತ್ತೇನೆ ಅಂತ ಹಠ ಹಿಡಿದಿದ್ದೆ. ನೂರು ಪುಟದ ನೋಟ್ ಬುಕ್ಕಿನಲ್ಲಿ ಧಾರಾವಾಹಿಯಿಂದ ಕಲಿತ ಸೂತ್ರಗಳನ್ನು ಬರೆದಿಟ್ಟಿದ್ದೆ. ಅಳುವವರು ಕಳ್ಳರಲ್ಲ. ಸದಾ ನಗುವವರ ಮೇಲೆ ಕಣ್ಣಿಡಬೇಕು. ಮನೆಗೆ ಹೊಸದಾಗಿ ಬಂದವರನ್ನು ಮೊದಲು ವಿಚಾರಿಸಬೇಕು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬ ಕಳೆದ ಭಾನುವಾರ. ಹೋಳಿಗೆಯ ವಾಸನೆ ಇನ್ನೂ ಮನೆಯಲ್ಲಿ ಆಡುತ್ತಿತ್ತು. ಧಾರಾವಾಹಿ ಮುಗಿದು ಹೆಸರುಗಳು ಬರುತ್ತಿದ್ದಾಗ ದೇವರ ಮನೆಯಿಂದ ಪದ್ಮಾ ಆಂಟಿ ಕೂಗಿದರು: "ಅಯ್ಯೋ, ಲಕ್ಷ್ಮಿ ಮುಖವಾಡ ಎಲ್ಲಿ?" ಕಳಶಕ್ಕೆ ಕಟ್ಟಿದ್ದ ಬೆಳ್ಳಿಯ ಮುಖ. ಅವರ ಅತ್ತೆ, ಎಂಬತ್ತು ದಾಟಿದ ಅಜ್ಜಿ, "ನಾನು ಕಾಣೆನಮ್ಮ" ಅಂದರು. ಬೀರು, ಪೆಟ್ಟಿಗೆ, ಹೂವಿನ ಬುಟ್ಟಿ ಎಲ್ಲ ಹುಡುಕಿದ್ದಾಯಿತು.

ನಾನು ಎದ್ದು ನಿಂತೆ. ಎದೆ ಡವಡವ ಅನ್ನುತ್ತಿತ್ತು, ಭಯಕ್ಕಲ್ಲ, ಖುಷಿಗೆ. ಬೆರಳು ತೋರಿಸಿ ಹೇಳಿದೆ: "ಗಿರಿಜಕ್ಕ ತಗೊಂಡಿದಾರೆ. ಹಬ್ಬದ ದಿನ ದೇವ್ರ ಮನೇಲಿ ಅವ್ರೊಬ್ರೇ ಇದ್ರು, ನಾನ್ ನೋಡ್ದೆ."

ಗಿರಿಜಕ್ಕ ನಗುತ್ತಲೇ ಇದ್ದರು, ಮಗುವಿನ ಆಟವೆಂದು. ಆಮೇಲೆ ಸುತ್ತ ನೋಡಿದರು. ಪದ್ಮಾ ಆಂಟಿ ನೆಲ ನೋಡುತ್ತಿದ್ದರು. ಅಮ್ಮ ನನ್ನ ಕೈ ಎಳೆದು ಕೂರಿಸಿದಳು, ಆದರೆ ಏನೂ ಹೇಳಲಿಲ್ಲ. ಅಪ್ಪ ಎದ್ದು ಟಿವಿ ಆಫ್ ಮಾಡಿದರು.

"ಹೂವು ಏರಸಾಕ ಹೋಗಿದ್ನವಾ," ಅಂದರು ಗಿರಿಜಕ್ಕ. ಸೆರಗಿನ ಶೇಂಗಾ ನೆಲಕ್ಕೆ ಚೆಲ್ಲಿತು. ಒಂದೊಂದೇ ಆರಿಸಿಕೊಂಡು ಮೇಲೆ ಹೋದರು. ತಿಂಗಳ ಕೊನೆಗೆ ರೂಮು ಖಾಲಿ ಮಾಡಿ ಬಿಟಿಎಂ ಲೇಔಟಿಗೆ ಹೊರಟುಹೋದರು. ಅವರು ಒಪ್ಪಿಕೊಂಡು ಅಳಲಿಲ್ಲವಲ್ಲ ಅನ್ನುವುದೊಂದೇ ಆಗ ನನಗಿದ್ದ ಬೇಜಾರು.

ಗೌರಿ ಹಬ್ಬ ಮುಗಿದು ವಾರವಾಗಿತ್ತು. ಅಕ್ಕಿ ಡ್ರಮ್ಮಿನ ತಳ ಬಳಿಯುತ್ತಿದ್ದ ಪದ್ಮಾ ಆಂಟಿಯ ಕೈಗೆ ಬೆಳ್ಳಿಯ ಮುಖ ಸಿಕ್ಕಿತು. ಕಳಶ ಕದಲಿಸಿದ ಮೇಲೆ ಲಕ್ಷ್ಮಿಯನ್ನು ಅಕ್ಕಿಯಲ್ಲಿಡುವುದು ಅಜ್ಜಿಯ ತವರಿನ ಹಳೇ ಪದ್ಧತಿಯಂತೆ. ಯಾರಿಗೂ ಹೇಳದೆ ಹಾಗೇ ಇಟ್ಟು ಮರೆತಿದ್ದರು. ಅದೇ ದಿನ ಆಂಟಿಯ ಯಜಮಾನರು ಹೊಸ ಮೂಟೆ ತಂದು ಅದರ ಮೇಲೆ ಸುರಿದಿದ್ದರು.

"ಸದ್ಯ, ಸಿಕ್ತಲ್ಲ," ಅಂದರು ಎಲ್ಲರೂ. ಗಿರಿಜಕ್ಕನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನನಗೆ ಆ ರಾತ್ರಿ ಅನ್ನ ಸೇರಲಿಲ್ಲ.

ಭಾನುವಾರ ಹತ್ತೂವರೆಗೆ ಅಪ್ಪನ ಸ್ಕೂಟರ್ ಮುಂದೆ ನಿಂತೆ. "ಬಿಟಿಎಂಗೆ ಹೋಗ್ಬೇಕು. ಈಗ್ಲೇ."

"ಸಾಯಂಕಾಲ ಹೋಗೋಣ ಕಣೆ. ಸೀರಿಯಲ್ ಶುರುವಾಗತ್ತೆ."

"ಈಗ್ಲೇ. ಇಲ್ದಿದ್ರೆ ನಡ್ಕೊಂಡ್ ಹೋಗ್ತೀನಿ."

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಹೋಗಿ ಏನ್ ಮಾಡ್ತೀಯ?" ಅಂದರು ಅಪ್ಪ. ಆದರೂ ಕಿಕ್ ಹೊಡೆದರು.

ನನ್ನ ಕಾಟಕ್ಕೆ ಅಪ್ಪ ಆ ವಾರ ಗಿರಿಜಕ್ಕನ ಆಫೀಸಿನಿಂದ ತಿಳಿದುಕೊಂಡಿದ್ದ ವಿಳಾಸ ಮೂರನೇ ಮಹಡಿಯಲ್ಲಿತ್ತು. "ನೀನೇ ಹೋಗು," ಎಂದು ಅಪ್ಪ ಗೇಟಿನ ಹತ್ತಿರ ನಿಂತುಬಿಟ್ಟರು. ಮೆಟ್ಟಿಲು ಹತ್ತುವಾಗಲೇ ಆ ಪರಿಚಿತ ಸಂಗೀತ ಕೇಳಿಸಿತು. ಗಿರಿಜಕ್ಕನೂ ಅದನ್ನೇ ನೋಡುತ್ತಿದ್ದರು, ಒಂದು ಪುಟ್ಟ ಕಪ್ಪು ಬಿಳುಪು ಟಿವಿಯಲ್ಲಿ, ಒಬ್ಬರೇ.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಅಕ್ಕ, ಮುಖವಾಡ ಅಕ್ಕಿ ಡ್ರಮ್ಮಲ್ಲಿತ್ತು. ನಾನ್ ಹೇಳಿದ್ದು ಸುಳ್ಳು. ತಪ್ಪಾಯ್ತು."

ಅವರು ಬಾಗಿಲು ಹಿಡಿದುಕೊಂಡೇ ನಿಂತಿದ್ದರು. "ನೀ ಸಣ್ಣಾಕಿ, ಬಾಯಿಲೆ ಅಂದಿ. ದೊಡ್ಡೋರು ಸುಮ್ನ ಕೂತ್ರು. ನಾ ಮನಿ ಬಿಟ್ಟಿದ್ದು ಅದಕ್ಕವಾ," ಅಂದರು. ಆಮೇಲೆ ಮೆಟ್ಟಿಲ ಕಡೆ ಇಣುಕಿ, "ಬಂದಾಕಿ ನೀ ಒಬ್ಬಾಕೀನೇನು?" ಎಂದು ಕೇಳಿದರು. ಅಪ್ಪ ಕೆಳಗಿದ್ದಾರೆ ಅಂತ ಹೇಳಲು ನನಗೆ ನಾಚಿಕೆಯಾಗಿ ಹೂಂ ಅಂತ ತಲೆಯಾಡಿಸಿದೆ.

ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿದರು. ಶೇಂಗಾ ಬಿಡಿಸಿ ಅಂಗೈಗೆ ಹಾಕಿದರು. ಜಾಹೀರಾತು ಬಂತು. "ಯಾರವಾ ಕಳ್ಳ? ಹೇಳು ನೋಡೂಣು."

"ಗೊತ್ತಿಲ್ಲ ಅಕ್ಕ," ಅಂದೆ. ಅಷ್ಟು ಕಂತುಗಳಲ್ಲಿ ಮೊದಲ ಸಲ ಹಾಗಂದಿದ್ದೆ.

ಗಿರಿಜಕ್ಕ ಪದ್ಮಾ ಆಂಟಿಯ ನಡುಮನೆಗೆ ಮತ್ತೆ ಕಾಲಿಡಲಿಲ್ಲ. ಒಂದೆರಡು ವರ್ಷಕ್ಕೆ ಬಿಟಿಎಂನ ಆ ಮನೆಯನ್ನೂ ಬಿಟ್ಟರು. ಎಲ್ಲಿಗೆ ಹೋದರೋ ನಮಗೆ ತಿಳಿಯಲಿಲ್ಲ. ಧಾರಾವಾಹಿ ಮಾತ್ರ ನಾನು ಕಾಲೇಜು ಮುಗಿಸುವವರೆಗೂ ಓಡಿತು, ಅದೇ ಮೀಸೆ, ಅದೇ ಕೋಣೆ. ಹಳೆಯ ಕಂತುಗಳೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಈಗಲೂ ನೋಡುತ್ತೇನೆ, ಬೈದುಕೊಂಡೇ ನೋಡುತ್ತೇನೆ. ಇಷ್ಟವೂ ಹೋಗಿಲ್ಲ, ಸಿಟ್ಟೂ ಹೋಗಿಲ್ಲ. ಪಕ್ಕದಲ್ಲಿ ಶೇಂಗಾ ಬಿಡಿಸುವ ಸದ್ದಿಲ್ಲ, ಅಷ್ಟೆ. ಇನ್‌ಸ್ಪೆಕ್ಟರ್ ಎಲ್ಲರನ್ನೂ ಕೋಣೆಗೆ ಸೇರಿಸುವವರೆಗೆ ನೋಡಿ, ಅವನು ಬೆರಳು ಎತ್ತುವ ಮುಂಚೆ ಆಫ್ ಮಾಡಿಬಿಡುತ್ತೇನೆ.