ಬುಟ್ಟಿಯ ಕೆಳಗಿನ ಗುಬ್ಬಿಮರಿ

ಅಕ್ಕನ ಮದುವೆಯಾದ ಮೇಲೆ ಅದು ಮೊದಲ ಪಂಚಮಿ. ಅಪ್ಪ ಅವಳ ಗಂಡನೂರು ತಿಳವಳ್ಳಿಗೆ ಹೋಗಿ ಅವಳನ್ನು ಸವಣೂರು ಕಡೆಯ ನಮ್ಮೂರಿಗೆ ಕರೆತಂದಿದ್ದ. ನಮ್ಮ ಸೀಮೆ ಆಗಿನ್ನೂ ಮುಂಬೈ ರಾಜ್ಯದಲ್ಲಿತ್ತು; ನಾನು ಶಾಲೆಯಲ್ಲಿ ಮೂರನೆಯ ಇಯತ್ತೆ. ಹಬ್ಬ ಮುಗಿದು, ಅವಳ ಜೊತೆ ಕಳಿಸಲು ಉಂಡಿ ಕಟ್ಟುತ್ತಿದ್ದಾಗಲೇ ಪಡಸಾಲೆಯ ಜಂತಿಯ ಸಂದಿಯಿಂದ ಗುಬ್ಬಿಮರಿಯೊಂದು ಟಪ್ಪನೆ ಬಿತ್ತು.

ಬಿದ್ದ ಮರಿಯನ್ನು ಮನುಷ್ಯರು ಮುಟ್ಟಿದರೆ ತಾಯಿ ಮತ್ತೆ ಸೇರಿಸುವುದಿಲ್ಲ ಎಂದು ನಮ್ಮೂರಲ್ಲಿ ಎಲ್ಲರೂ ನಂಬಿದ್ದರು. ನನಗೂ ಗೊತ್ತಿತ್ತು. ಗೊತ್ತಿದ್ದೇ ಎತ್ತಿಕೊಂಡೆ, ಸುಳ್ಳು ಯಾಕೆ ಹೇಳಲಿ.

"ಮುಟ್ಟಿ ಕೆಡಿಸಿದೆಲ್ಲಾ! ಇನ್ನ ನೀನ ಇದರವ್ವ," ಎಂದು ಅವ್ವ ಬೈದಳು.

ಅಕ್ಕ ನಕ್ಕು, "ಇದು ಹಾರೂತನಕ ನಾನೂ ಇರ್ತೇನಿ ತೊಗೋ," ಎಂದಳು. ಅಪ್ಪ ಹೂಂ ಎಂದ. ನನಗೆ ಅಷ್ಟು ಸಾಕಿತ್ತು. ಮರಿ ಬದುಕಬೇಕು, ಆದರೆ ಹಾರಬಾರದು.

ಅಂಗಳದಲ್ಲಿ ಅರಳೆ ಹಾಸಿ, ಮರಿಯನ್ನಿಟ್ಟು, ಮೇಲೆ ಬುಟ್ಟಿ ಬೋರಲು ಹಾಕಿದೆವು. ಮೊನ್ನೆ ತಾನೆ ಕಲ್ಲುನಾಗಪ್ಪನಿಗೆ ಹಾಲೆರೆದ ಕೈ ನನ್ನದು. ಗುಬ್ಬಿಗೂ ಹಾಲೆರೆಯಲು ಹೋಗಿ ಅದರ ಮುಖವೆಲ್ಲ ಹಾಲಾಯಿತು. "ಕೊಂದಗಿಂದೀ ಅದನ್ನ!" ಎಂದು ಅಕ್ಕ ಬಟ್ಟಲು ಕಸಿದುಕೊಂಡಳು. ಹಾಲು ಬೇಕಾಗಲೂ ಇಲ್ಲ. ತಾಯಿಗುಬ್ಬಿ ನಮ್ಮ ನಂಬಿಕೆಯನ್ನೆಲ್ಲ ಸುಳ್ಳು ಮಾಡಿ, ಬುಟ್ಟಿಯ ಸಂದಿಯಲ್ಲಿ ಕೊಕ್ಕು ತೂರಿಸಿ ಹುಳ ತಿನ್ನಿಸಿ ಹೋಗುತ್ತಿತ್ತು. ಇವತ್ತು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಮರಿಗೆ ಪುಕ್ಕ ಬಂದಿದ್ದರೆ ಬೆಕ್ಕಿಗೆ ಸಿಗದ ಹಾಗೆ ಎತ್ತರದಲ್ಲಿಟ್ಟು ದೂರ ನಿಲ್ಲಿ, ತಾಯಿ ಅಲ್ಲೇ ಎಲ್ಲೋ ಇರುತ್ತದೆ.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಅಂಗಳದ ಕಸ ಹೊಡೆಯುತ್ತ ಬುಟ್ಟಿ ಎತ್ತಿದ್ದನ್ನು ಬಾಗಿಲ ಮರೆಯಿಂದ ಕಂಡೆ. ಮರಿ ಭರ್ರನೆ ಹಾರಿ ಅಂಗಳದ ಗೋಡೆಯ ಮೇಲೆ ಕುಳಿತಿತು. ಅಕ್ಕ ಅತ್ತಿತ್ತ ನೋಡಿ, ಸೆರಗಿನಲ್ಲಿ ಅದನ್ನು ಹಿಡಿದು ಮತ್ತೆ ಬುಟ್ಟಿಯಡಿ ಮುಚ್ಚಿದಳು. ಆಮೇಲೆ ಅಪ್ಪ ಕೇಳಿದಾಗ, "ಇನ್ನೂ ಹಾರಾಕ ಬರೂದಿಲ್ಲಪಾ," ಎಂದಳು.

ನನಗೆ ಖುಷಿಯೋ ಖುಷಿ. ಅವಳಿಗೆ ಗಂಡನ ಮನೆಗೆ ಹೋಗಲು ಯಾಕೆ ಮನಸ್ಸಿಲ್ಲ ಎಂದು ಕೇಳಬೇಕೆಂದೂ ಹೊಳೆಯಲಿಲ್ಲ. ಎಂಥ ಪೆದ್ದಿ ನಾನು.

ಮರುದಿನ ಅಪ್ಪನೇ ಬುಟ್ಟಿ ಎತ್ತಿದ. ಮರಿ ಮಾಳಿಗೆ ದಾಟಿ ಹೋಯಿತು. ಎಲ್ಲರೂ ನಕ್ಕೆವು. ಅಕ್ಕ ಒಳಗೆ ಹೋಗಿ ಸೀರೆ ಮಡಚತೊಡಗಿದಳು. ತಿಳವಳ್ಳಿಗೆ ಹೊರಟು ಹಾನಗಲ್ ಮೋಟಾರು ಹತ್ತುವಾಗ ನನ್ನ ಕಿವಿಯಲ್ಲಿ, "ನೀ ನೋಡಿದ್ದು ಅವ್ವಗ ಹೇಳಬ್ಯಾಡ," ಎಂದಳು. ಬಾಗಿಲ ಮರೆಯಲ್ಲಿದ್ದ ನನ್ನನ್ನು ಅವಳು ಅವತ್ತೇ ಕಂಡಿದ್ದಳು.

ಹೇಳಲಿಲ್ಲ. ಹೇಳಿದ್ದರೆ ಅವ್ವ ಕಾರಣ ಕೇಳುತ್ತಿದ್ದಳು, ಇನ್ನೆಂಟು ದಿನವಾದರೂ ಅವಳನ್ನು ಇರಿಸಿಕೊಳ್ಳುತ್ತಿದ್ದಳು. ಈಗ ಅವ್ವನೂ ಇಲ್ಲ, ಅಕ್ಕನೂ ಇಲ್ಲ. ಆ ಎಂಟು ದಿನ ನನಗೆ ಇವತ್ತಿಗೂ ಬೇಕು.